ಸ್ಟೀಲ್ ವೆಲ್ಡಿಂಗ್ ಹೊಗೆ ಮತ್ತು ಶ್ವಾಸಕೋಶದ ಕ್ಯಾನ್ಸರ್: ಸಣ್ಣ ಶೆಡ್ಡಿನಲ್ಲಿ ತಡೆಯುವ ಬಗೆ

ರೇಲಿಂಗ್, ಗೇಟು, ಹೋಟೆಲ್ ಅಡುಗೆಮನೆಯ ಕೌಂಟರು, ಹಾಲಿನ ಟ್ಯಾಂಕು ಮಾಡುವ ಸ್ಟೀಲ್ ಶೆಡ್ಡುಗಳು ಈಗ ಸಣ್ಣ ಊರುಗಳಲ್ಲೂ ಇವೆ. ಅಲ್ಲಿ ಏಳುವ ಹೊಗೆ ನೋಡಲು ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಸಾಮಾನ್ಯ ಕಬ್ಬಿಣ) ವೆಲ್ಡಿಂಗ್ ಹೊಗೆಯಂತೆಯೇ ಇರುತ್ತದೆ, ಆದರೆ ಅದರೊಳಗಿರುವ ಲೋಹಗಳು ಬೇರೆ. ಇಲ್ಲಿ ಸ್ಟೀಲ್ ಎಂದರೆ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ (ಎಸ್‌ಎಸ್). ಅದರ ಒಂದು ಬಗೆಯಾದ ಎಸ್‌ಎಸ್ 304ರಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇರುತ್ತದೆ. ಇನ್ನೊಂದು ಬಗೆಯಾದ 202ರಲ್ಲಿ ನಿಕ್ಕಲ್ ಕಡಿಮೆ, ಕ್ರೋಮಿಯಂ ಹೆಚ್ಚುಕಡಿಮೆ ಅಷ್ಟೇ. ಪೈಪಾಗಿ, ಶೀಟಾಗಿ ಇರುವವರೆಗೆ ಈ ಲೋಹಗಳು ಶ್ವಾಸಕೋಶಕ್ಕೆ ಏನೂ ಮಾಡುವುದಿಲ್ಲ. ಆರ್ಕ್ (ಲೋಹ ಕರಗಿಸುವ ವಿದ್ಯುತ್ ಕಿಡಿ) ಹೊತ್ತಿದ ಜಾಗದಲ್ಲಿ ಲೋಹ ಆವಿಯಾಗಿ, ಗಾಳಿಯ ಆಮ್ಲಜನಕದ ಜೊತೆ ಸೇರಿ, ಮರುಕ್ಷಣವೇ ಒಂದು ಮೈಕ್ರಾನಿಗಿಂತ (ಮಿಲಿಮೀಟರಿನ ಸಾವಿರದ ಒಂದು ಪಾಲು) ಸಣ್ಣ ಕಣಗಳಾಗುತ್ತದೆ. ಮೂಗಿನ ಕೂದಲಿಗಾಗಲಿ ಗಂಟಲಿನ ಲೋಳೆಗಾಗಲಿ ಅಷ್ಟು ಸಣ್ಣ ಕಣ ಸಿಗುವುದಿಲ್ಲ; ಉಸಿರಿನ ಜೊತೆ ಶ್ವಾಸಕೋಶದ ತಳದವರೆಗೂ ಇಳಿಯುತ್ತದೆ. ಕ್ರೋಮಿಯಂನ ಒಂದು ಪಾಲು ಇದೇ ಹೊತ್ತಿನಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಆಗಿ ಬದಲಾಗುತ್ತದೆ. ಮುಂದೆ ಇದನ್ನು ಚಿಕ್ಕದಾಗಿ ಕ್ರೋಮಿಯಂ-6 ಎನ್ನೋಣ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ, ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಎಂದು ಖಚಿತವಾದ ವಸ್ತುಗಳನ್ನು ಗುಂಪು 1ರಲ್ಲಿ ಇಡುತ್ತದೆ. ಕ್ರೋಮಿಯಂ-6, ನಿಕ್ಕಲ್ ಸಂಯುಕ್ತಗಳು, ಕ್ಯಾಡ್ಮಿಯಂ, ಆರ್ಸೆನಿಕ್, ಬೆರಿಲಿಯಂ ಎಲ್ಲವೂ ಆ ಗುಂಪಿನಲ್ಲಿವೆ, ಇವೆಲ್ಲ ಶ್ವಾಸಕೋಶದ ಕ್ಯಾನ್ಸರ್ ತರುವಂಥವೇ. 2017ರಲ್ಲಿ ವೆಲ್ಡಿಂಗ್ ಹೊಗೆಯನ್ನೂ ಅದೇ ಗುಂಪಿಗೆ ಸೇರಿಸಲಾಯಿತು. ಅಲ್ಲಿ ಸ್ಟೀಲ್, ಎಂಎಸ್ ಎಂಬ ಭೇದ ಮಾಡಿಲ್ಲ. ಹಾಗಾಗಿ ಎಂಎಸ್ ಮಾತ್ರ ಬೆಸೆಯುವವರಿಗೂ ಇಲ್ಲಿ ಹೇಳುವ ಬಹುಪಾಲು ಕ್ರಮಗಳು ಬೇಕು. ಸ್ಟೀಲ್ ಬೆಸೆಯುವವರಿಗಂತೂ ಬೇಕೇ ಬೇಕು.

ಒಂದು ಒಳ್ಳೆಯ ಮಾಸ್ಕ್ ತಂದುಕೊಟ್ಟರೆ ಕೆಲಸ ಮುಗಿಯಿತು ಎಂದು ಬಹಳ ಮಾಲೀಕರು ಅಂದುಕೊಂಡಿದ್ದಾರೆ. ಮಾಸ್ಕಿನ ಸರದಿ ಬರುವುದು ಕೊನೆಗೆ. ಎಷ್ಟು ಹೊಗೆ ಶ್ವಾಸಕೋಶಕ್ಕೆ ಹೋಗುತ್ತದೆ ಎಂಬುದು ಆರ್ಕ್ ಹೊತ್ತಿಸುವ ಮೊದಲೇ, ಯಾವ ಮಷಿನ್ ಹಿಡಿದಿರಿ, ಹೊಗೆ ಎಳೆಯುವ ಪೈಪಿನ ಬಾಯಿ ಎಲ್ಲಿಟ್ಟಿರಿ ಎಂಬುದರಲ್ಲೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ.

ಜೀವಕೋಶದೊಳಗೆ ಏನಾಗುತ್ತದೆ

ಕ್ರೋಮಿಯಂ-6 ದೇಹದೊಳಗೆ ಕ್ರೋಮೇಟ್ ರೂಪದಲ್ಲಿ ಇರುತ್ತದೆ. ಆಕಾರದಲ್ಲಿ ಇದು ದೇಹಕ್ಕೆ ಬೇಕಾದ ಸಲ್ಫೇಟನ್ನು ಹೋಲುತ್ತದೆ. ಜೀವಕೋಶದ ಗೋಡೆಯಲ್ಲಿ ಸಲ್ಫೇಟ್ ಒಳಬಿಡಲೆಂದು ಇರುವ ದಾರಿಯಲ್ಲೇ ಕ್ರೋಮೇಟೂ ನುಸುಳುತ್ತದೆ. ಒಳಹೋದ ಮೇಲೆ ವಿಟಮಿನ್ ಸಿ, ಗ್ಲುಟಾಥಯೋನ್ ಮುಂತಾದವು ಅದನ್ನು ಕ್ರೋಮಿಯಂ-3 ಆಗಿ ಇಳಿಸುತ್ತವೆ. ಹಾನಿಯಾಗುವುದು ಈ ಇಳಿಯುವ ದಾರಿಯಲ್ಲಿ. ನಡುವೆ ಹುಟ್ಟುವ ಅಸ್ಥಿರ ರೂಪಗಳು ಡಿಎನ್‌ಎ ಎಳೆಗಳನ್ನು ಕತ್ತರಿಸುತ್ತವೆ, ಕೊನೆಗೆ ಉಳಿಯುವ ಕ್ರೋಮಿಯಂ-3 ಡಿಎನ್‌ಎಗೇ ಅಂಟಿಕೊಳ್ಳುತ್ತದೆ. ಹೊರಗಿನ ಕ್ರೋಮಿಯಂ-3 ಸುಲಭಕ್ಕೆ ಜೀವಕೋಶದೊಳಗೆ ಬಾರದು. ಎರಡೂ ಒಂದೇ ಲೋಹವಾದರೂ ಅಪಾಯ ಅಜಗಜಾಂತರವಾಗಲು ಕಾರಣ ಇದೇ.

ನಿಕ್ಕಲ್‌ನ ದಾರಿ ಬೇರೆ. ನೀರಿನಲ್ಲಿ ಕರಗದ ನಿಕ್ಕಲ್ ಆಕ್ಸೈಡ್, ಸಲ್ಫೈಡ್ ಕಣಗಳನ್ನು ಜೀವಕೋಶ ತಾನೇ ನುಂಗುತ್ತದೆ. ಅವು ಒಳಗೆ ನಿಧಾನಕ್ಕೆ ಕರಗುತ್ತಾ, ಜೀನುಗಳ ಕೆಲಸ ನಡೆಸುವ ಕಿಣ್ವಗಳಲ್ಲಿ ಕಬ್ಬಿಣದ ಜಾಗ ಆಕ್ರಮಿಸುತ್ತವೆ. ಕ್ಯಾಡ್ಮಿಯಂ ಮತ್ತು ಆರ್ಸೆನಿಕ್ ಎರಡೂ ಡಿಎನ್‌ಎ ರಿಪೇರಿ ವ್ಯವಸ್ಥೆಯನ್ನೇ ಕುಂಠಿತಗೊಳಿಸುತ್ತವೆ. ಬೀಡಿ ಸಿಗರೇಟಿನ ಹೊಗೆ ಮಾಡಿದ ಗಾಯ ಆಗ ರಿಪೇರಿಯಾಗದೆ ಉಳಿಯುತ್ತದೆ. ಧೂಮಪಾನ ಮತ್ತು ಲೋಹ ಎರಡೂ ಸೇರಿದವರಲ್ಲಿ ಅಪಾಯ ಏರುವ ಕಾರಣಗಳಲ್ಲಿ ಇದೂ ಒಂದು.

ಇವೆಲ್ಲ ಒಂದು ದಿನದಲ್ಲಿ ಆಗುವುದಲ್ಲ. ಮೊದಲ ಒಡ್ಡಿಕೆಯಿಂದ ಗಡ್ಡೆ ಪತ್ತೆಯಾಗುವವರೆಗೆ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷ, ಕೆಲವರಲ್ಲಿ ಇನ್ನೂ ಹೆಚ್ಚು. ಅಮೆರಿಕದ ಬಾಲ್ಟಿಮೋರ್‌ನ ಕ್ರೋಮೇಟ್ ಕಾರ್ಖಾನೆಯಲ್ಲಿ 1950ರಿಂದ 1974ರ ನಡುವೆ ಕೆಲಸಕ್ಕೆ ಸೇರಿದ 2,357 ಜನರನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನ, ಉಸಿರಾಡಿದ ಒಟ್ಟು ಕ್ರೋಮಿಯಂ-6 ಹೆಚ್ಚಿದಂತೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಸಂಭವವೂ ಏರುವುದನ್ನು ತೋರಿಸಿತು. ಲೆಕ್ಕಕ್ಕೆ ಬರುವುದು ಇಡೀ ದುಡಿಮೆಯ ಒಟ್ಟು ಮೊತ್ತ; ಹಾಗಾಗಿ ಇಂದು ಕಡಿಮೆ ಮಾಡಿದ್ದೂ ಲಾಭವೇ. ವೇಲ್ಸ್‌ನ ಕ್ಲೈಡಾಕ್ ನಿಕ್ಕಲ್ ಕಾರ್ಖಾನೆಯಲ್ಲಿ ಇದು ಕಣ್ಣಿಗೆ ಕಂಡಿದೆ: ಅಲ್ಲಿ ಕೆಲಸದ ವಿಧಾನ ಬದಲಾದ ಮೇಲೆ, ಅಂದರೆ 1930ರ ನಂತರ ಸೇರಿದವರಲ್ಲಿ ಅಪಾಯ ಬಹಳ ತಗ್ಗಿತು.

ರಾಡ್ ಬಿಟ್ಟು ಟಿಗ್ ಹಿಡಿಯಿರಿ

ಸ್ಟೀಲನ್ನು ಬೆಸೆಯುವ ವಿಧಾನಗಳಲ್ಲಿ ಅತಿ ಹೆಚ್ಚು ಕ್ರೋಮಿಯಂ-6 ಹೊರಡುವುದು ರಾಡ್ ವೆಲ್ಡಿಂಗಿನಲ್ಲಿ. ತಪ್ಪು ರಾಡಿನ ಮೇಲಿನ ಲೇಪದ್ದು. ಸ್ಟೀಲಿಗೆ ಬಳಸುವ ಇ308ಎಲ್-16 ರಾಡ್ ತೆಗೆದುಕೊಳ್ಳಿ. ಕೊನೆಯ 16 ಎಂಬುದು ಲೇಪದ ಬಗೆ ಹೇಳುತ್ತದೆ, ಆರ್ಕ್ ನಿಲ್ಲಲೆಂದು ಅದರಲ್ಲಿ ಪೊಟ್ಯಾಸಿಯಂ ಸೇರಿಸಿರುತ್ತಾರೆ. ಪೊಟ್ಯಾಸಿಯಂ, ಸೋಡಿಯಂ ಇರುವಲ್ಲಿ ಆವಿಯಾದ ಕ್ರೋಮಿಯಂ ಸುಲಭವಾಗಿ ಕ್ರೋಮೇಟ್ ಆಗಿ, ನೀರಿನಲ್ಲಿ ಕರಗುವ ಕ್ರೋಮಿಯಂ-6 ರೂಪದಲ್ಲೇ ನಿಂತುಬಿಡುತ್ತದೆ. ಮಿಗ್‌ನಲ್ಲಿ (ಗ್ಯಾಸಿನ ರಕ್ಷಣೆಯಲ್ಲಿ, ತಾನಾಗಿ ಬರುವ ತಂತಿಯಿಂದ ಬೆಸೆಯುವ ವಿಧಾನ) ಹೊಗೆ ಸಾಕಷ್ಟು ಇದ್ದರೂ ಅದರಲ್ಲಿ ಕ್ರೋಮಿಯಂ-6ರ ಪಾಲು ಕಡಿಮೆ. ಟಿಗ್‌ನಲ್ಲಿ (ಆರ್ಗಾನ್ ಗ್ಯಾಸಿನ ರಕ್ಷಣೆಯಲ್ಲಿ, ಕರಗದ ಟಂಗ್‌ಸ್ಟನ್ ಕಡ್ಡಿಯಿಂದ ಬೆಸೆಯುವ ವಿಧಾನ) ಹೊಗೆಯೇ ಬಹಳ ಕಡಿಮೆ.

ಆದ್ದರಿಂದ ಶೆಡ್ಡಿನೊಳಗೆ ಮಾಡಬಹುದಾದ ಎಲ್ಲ ಜಾಯಿಂಟುಗಳನ್ನೂ ಟಿಗ್‌ಗೆ ತನ್ನಿ. ರಾಡನ್ನು ಬಯಲಿನ ಸೈಟ್ ಕೆಲಸಕ್ಕಷ್ಟೇ ಇಟ್ಟುಕೊಳ್ಳಿ. ತೆಳು ಪೈಪಿಗೆ ಟಿಗ್‌ನಲ್ಲಿ ಫಿನಿಶಿಂಗ್ ಹೇಗೂ ಚೆನ್ನಾಗಿ ಬರುತ್ತದೆ, ಸ್ಪ್ಯಾಟರ್ (ಸಿಡಿದು ಅಂಟಿದ ಲೋಹದ ಹನಿ) ತೆಗೆಯುವ ಗ್ರೈಂಡಿಂಗೂ ತಪ್ಪುತ್ತದೆ. ಕರೆಂಟನ್ನು ಬೇಕಾದ್ದಕ್ಕಿಂತ ಹೆಚ್ಚು ಇಡಬೇಡಿ. ಆಂಪಿಯರ್ ಏರಿದಷ್ಟೂ ಹೊಗೆ ಏರುತ್ತದೆ. ಪ್ಲಾಸ್ಮಾ ಕಟಿಂಗ್ ಇದ್ದರೆ ನೀರಿನ ಟೇಬಲ್ ಮೇಲೆ ಕತ್ತರಿಸಿ, ಇಲ್ಲವೇ ಟೇಬಲಿನ ಕೆಳಗಿನಿಂದ ಹೊಗೆ ಎಳೆಯಿರಿ.

ಟಿಗ್‌ನಲ್ಲಿ ನೋಡಿಕೊಳ್ಳಬೇಕಾದ್ದು ಟಂಗ್‌ಸ್ಟನ್ ಕಡ್ಡಿಯ ತುದಿಯ ಬಣ್ಣ. ಕೆಂಪು ತುದಿಯದ್ದರಲ್ಲಿ ಶೇ. 2ರಷ್ಟು ಥೋರಿಯಂ ಇರುತ್ತದೆ, ಅದು ವಿಕಿರಣ ಸೂಸುವ ಲೋಹ. ಕಡ್ಡಿ ಚೂಪು ಮಾಡುವಾಗ ಏಳುವ ಪುಡಿಯೇ ಇಲ್ಲಿ ಅಪಾಯಕಾರಿ. ಬೂದು ಬಣ್ಣದ ಸೀರಿಯಂ ಕಡ್ಡಿ ಅಥವಾ ಚಿನ್ನದ ಬಣ್ಣದ, ನೀಲಿ ಬಣ್ಣದ ಲ್ಯಾಂಥನಂ ಕಡ್ಡಿ ಕೊಳ್ಳಿ. ಸ್ಟೀಲ್ ಕೆಲಸಕ್ಕೆ ಕೆಂಪಿನಷ್ಟೇ ಚೆನ್ನಾಗಿ ನಡೆಯುತ್ತವೆ.

ಹಳೆಯ ಲಾರಿ ಬಾಡಿ, ಸೇತುವೆಯ ಕಂಬಿ ಮುಂತಾದವುಗಳ ಹಳದಿ ಬಣ್ಣ, ಹಳದಿ ಪ್ರೈಮರ್ ಕಂಡರೆ ಅಲ್ಲಿ ಕ್ರೋಮೇಟ್ ಇದೆ ಎಂದೇ ತಿಳಿದು ಮುಂದುವರಿಯಿರಿ. ಬೆಸೆಯುವ ಜಾಗದ ಎರಡೂ ಬದಿಗೆ ಕನಿಷ್ಠ 10 ಸೆಂ.ಮೀ. ಬಣ್ಣವನ್ನು ಪೇಂಟ್ ರಿಮೂವರ್ ಹಚ್ಚಿ ಕೆರೆದು ತೆಗೆಯಿರಿ. ಗ್ರೈಂಡರ್ ಹಿಡಿದು ಒಣದಾಗಿ ಉಜ್ಜಿದರೆ ಅದೇ ಕ್ರೋಮೇಟ್ ಧೂಳಾಗಿ ಮುಖಕ್ಕೆ ಬರುತ್ತದೆ.

ಹೊಗೆ ಎಳೆಯುವ ಬಾಯಿ ಎಲ್ಲಿರಬೇಕು

ಗೋಡೆಯ ಮೇಲಿನ ಎಕ್ಸಾಸ್ಟ್ ಫ್ಯಾನ್ ಹೊಗೆಯನ್ನು ಹೊರಹಾಕುವ ಮೊದಲು ವೆಲ್ಡರ್ ಮೂಗಿನ ಮುಂದಿನಿಂದಲೇ ದಾಟಿಸುತ್ತದೆ. ಬೇಕಾದ್ದು ಆರ್ಕ್ ಪಕ್ಕದಲ್ಲೇ ಬಾಯಿ ತೆರೆದು ಎಳೆಯುವ ಪೈಪು. ಇದರ ಲೆಕ್ಕ ಸರಳ: ಗಾಳಿಯ ಪ್ರಮಾಣ = ವೇಗ × (10 × ದೂರದ ವರ್ಗ + ಬಾಯಿಯ ವಿಸ್ತೀರ್ಣ). ದೂರ ಮೀಟರಿನಲ್ಲಿ, ವಿಸ್ತೀರ್ಣ ಚದರ ಮೀಟರಿನಲ್ಲಿ, ವೇಗ ಸೆಕೆಂಡಿಗೆ ಮೀಟರಿನಲ್ಲಿ. ಬರುವ ಉತ್ತರ ಸೆಕೆಂಡಿಗೆ ಘನ ಮೀಟರ್; 3,600ರಿಂದ ಗುಣಿಸಿದರೆ ಗಂಟೆಯ ಲೆಕ್ಕ. ವೆಲ್ಡಿಂಗ್ ಹೊಗೆ ಹಿಡಿಯಲು ಆರ್ಕ್ ಇರುವ ಜಾಗದಲ್ಲಿ ಸೆಕೆಂಡಿಗೆ 0.5 ಮೀಟರ್ ವೇಗವಾದರೂ ಬೇಕು.

150 ಮಿ.ಮೀ. ಪೈಪಿನ ಬಾಯಿ ಆರ್ಕ್‌ನಿಂದ 20 ಸೆಂ.ಮೀ. ದೂರದಲ್ಲಿದ್ದರೆ ಗಂಟೆಗೆ ಸುಮಾರು 750 ಘನ ಮೀಟರ್ ಗಾಳಿ ಎಳೆದರೆ ಸಾಕು. 30 ಸೆಂ.ಮೀ.ಗೆ ಸರಿಸಿದರೆ 1,650 ಬೇಕು. 40 ಸೆಂ.ಮೀ.ಗೆ ಹೋದರೆ 2,900. ದೂರ ಎರಡರಷ್ಟಾದರೆ ಗಾಳಿ ಹೆಚ್ಚುಕಡಿಮೆ ನಾಲ್ಕರಷ್ಟು ಬೇಕು ಎಂಬುದನ್ನು ಮೇಸ್ತ್ರಿಗೆ ಮನದಟ್ಟು ಮಾಡಿ. ದುಡ್ಡು ಕೊಟ್ಟು ಹಾಕಿಸಿದ ಎಷ್ಟೋ ಸಕ್ಷನ್‌ಗಳು ಉಪಯೋಗಕ್ಕೆ ಬಾರದಿರುವುದು ಬಾಯಿ ದೂರವಾದ ಈ ಒಂದೇ ಕಾರಣಕ್ಕೆ. ಬಾಯಿಯ ಸುತ್ತ ಅಗಲವಾದ ಶೀಟಿನ ಅಂಚು ಬೆಸೆದರೆ ಹಿಂದಿನ ಗಾಳಿ ಎಳೆಯುವುದು ತಪ್ಪಿ, ಕಾಲು ಭಾಗದಷ್ಟು ಕಡಿಮೆ ಗಾಳಿಯಲ್ಲೇ ಅದೇ ಕೆಲಸವಾಗುತ್ತದೆ. ಸ್ಟೀಲ್ ಶೆಡ್ಡಿನಲ್ಲಿ ತುಂಡು ಶೀಟಿಗೆ ಬರವಿಲ್ಲ, ಇವತ್ತೇ ಮಾಡಬಹುದು.

ಬ್ಲೋವರ್ ಕೊಳ್ಳುವಾಗ ಅಂಗಡಿಯವರಿಗೆ ಎರಡು ಸಂಖ್ಯೆ ಹೇಳಿ: ಗಂಟೆಗೆ 750 ಘನ ಮೀಟರ್, 40ರಿಂದ 50 ಮಿ.ಮೀ. ನೀರಿನ ಒತ್ತಡದಲ್ಲಿ. ಐದಾರು ಮೀಟರ್ ಪೈಪು, ಎರಡು ಬೆಂಡು, ಸ್ವಲ್ಪ ಸುರುಳಿ ಪೈಪಿಗೆ ಇದು ಸಾಕಾಗುತ್ತದೆ. ಇಷ್ಟು ಒತ್ತಡಕ್ಕೆ ಸೆಂಟ್ರಿಫ್ಯೂಗಲ್ ಬ್ಲೋವರೇ ಬೇಕು. ರೆಕ್ಕೆ ಫ್ಯಾನ್ ಪೈಪಿನ ಎಳೆತಕ್ಕೆ ಸೋತು ಸುಮ್ಮನೆ ತಿರುಗುತ್ತಿರುತ್ತದೆ. ಪೈಪನ್ನು ಛಾವಣಿಯ ಮೇಲಕ್ಕೆ ಒಯ್ಯಿರಿ, ಪಕ್ಕದ ಮನೆಯ ಕಿಟಕಿಯ ಕಡೆ ಬಿಡಬೇಡಿ. ಗಾಳಿಯನ್ನು ಫಿಲ್ಟರ್ ಮಾಡಿ ಮತ್ತೆ ಒಳಗೇ ಬಿಡುವ ಮಷಿನ್ ಆದರೆ ಹೆಪಾ ಫಿಲ್ಟರ್ (ಅತಿ ಸಣ್ಣ ಕಣವನ್ನೂ ಹಿಡಿಯುವಂಥದ್ದು) ಇರಲೇಬೇಕು, ಅದು ತುಂಬಿದಾಗ ಎಳೆತ ಸದ್ದಿಲ್ಲದೆ ಇಳಿಯುತ್ತದೆ.

ಪರೀಕ್ಷೆಗೆ ಒಂದು ಊದುಬತ್ತಿ ಸಾಕು. ವೆಲ್ಡಿಂಗ್ ಮಷಿನ್, ಆರ್ಗಾನ್ ಎರಡೂ ಬಂದ್ ಮಾಡಿ, ಬ್ಲೋವರ್ ಮಾತ್ರ ಹಾಕಿ. ಆರ್ಕ್ ಹೊತ್ತುವ ಬಿಂದುವಿನಲ್ಲೇ ಊದುಬತ್ತಿ ಹಿಡಿಯಿರಿ. ಹೊಗೆಯ ಎಳೆ ನೇರ ಬಾಯಿಯತ್ತ ಬಾಗಿ ಒಳಹೋಗಬೇಕು. ಮೊದಲು ಮೇಲೆದ್ದು ಆಮೇಲೆ ಸುತ್ತಿಕೊಂಡು ಹೋದರೆ ಅದು ವೆಲ್ಡರ್ ಮುಖ ದಾಟಿಕೊಂಡೇ ಹೋಗಿದೆ ಎಂದರ್ಥ. ಬಾಯಿಯನ್ನು ಹತ್ತಿರ ತನ್ನಿ. 15 ಸೆಂ.ಮೀ.ಗಿಂತ ಹತ್ತಿರ ಬಂದರೆ ಆರ್ಗಾನ್ ಕೂಡ ಎಳೆದುಹೋಗಿ ಬೀಡಿಂಗ್‌ನಲ್ಲಿ ಸೂಜಿರಂಧ್ರ ಬೀಳಲು ಶುರುವಾಗುತ್ತದೆ. ಹಾಗಾದರೆ ಐದು ಸೆಂ.ಮೀ. ಹಿಂದಕ್ಕೆ ಸರಿಸಿ, ಸಕ್ಷನ್ ಆರಿಸಬೇಡಿ.

ಸೆಕೆಗೆಂದು ವೆಲ್ಡರ್ ಬೆನ್ನ ಹಿಂದೆ ಪೆಡಸ್ಟಲ್ ಫ್ಯಾನ್ ಇಡುವುದು ಎಲ್ಲ ಕಡೆ ಇದೆ. ಗಾಳಿ ಮೈಗೆ ಬಡಿದು ಎರಡು ಪಕ್ಕಕ್ಕೆ ಸೀಳುತ್ತದೆ, ಎದೆಯ ಮುಂದೆ ಸುಳಿ ಏಳುತ್ತದೆ, ಆ ಸುಳಿ ಹೊಗೆಯನ್ನು ಮೂಗಿಗೇ ಎಳೆದು ತರುತ್ತದೆ. ಫ್ಯಾನ್ ಬೇಕೇ ಬೇಕೆಂದರೆ ಪಕ್ಕದಿಂದ, ಎಡದಿಂದ ಬಲಕ್ಕೆ ಗಾಳಿ ಹಾಯುವಂತೆ ಇಡಿ. ಬಗ್ಗಿ ಆರ್ಕ್ ಮೇಲೆ ತಲೆ ತೂರುವುದೂ ಇದೇ ತಪ್ಪು. ಜಾಬನ್ನು ಎದೆಯೆತ್ತರಕ್ಕೆ ಸ್ಟ್ಯಾಂಡ್ ಮೇಲೆ ಇಟ್ಟರೆ ತಲೆ ತಾನಾಗಿ ಹೊಗೆಯಿಂದ ಪಕ್ಕಕ್ಕೆ ಹೋಗುತ್ತದೆ.

ಹಾಲಿನ ಟ್ಯಾಂಕಿನೊಳಗೆ ಇಳಿದು ಬೆಸೆಯುವ ಕೆಲಸಕ್ಕೆ ಇಷ್ಟೂ ಸಾಲದು. ಅಲ್ಲಿ ಹೊಗೆ ಎಲ್ಲಿಗೂ ಹೋಗುವುದಿಲ್ಲ, ಗಾಳಿಗಿಂತ ಭಾರವಾದ ಆರ್ಗಾನ್ ತಳದಲ್ಲಿ ತುಂಬಿ ಉಸಿರೇ ಕಟ್ಟಬಹುದು. ಎಳೆಯುವ ಪೈಪಿನ ಜೊತೆ ತಾಜಾ ಗಾಳಿ ಒಳಗೆ ಬಿಡುವ ಪೈಪೂ ಇರಬೇಕು, ಆಮ್ಲಜನಕ ಅಳೆಯುವ ಮೀಟರ್ ಇರಬೇಕು, ಮ್ಯಾನ್‌ಹೋಲ್ ಬಳಿ ಕಣ್ಣು ತೆಗೆಯದೆ ಒಬ್ಬರು ನಿಂತಿರಬೇಕು.

ಧೂಳು, ಬಟ್ಟೆ, ಬೀಡಿ

ಸಂಜೆ ಕಂಪ್ರೆಸರ್ ಗಾಳಿ ಹಿಡಿದು ಟೇಬಲ್ ಊದುವುದನ್ನು, ಮೈಮೇಲಿನ ಧೂಳು ಊದಿಕೊಳ್ಳುವುದನ್ನು ಇವತ್ತೇ ನಿಲ್ಲಿಸಿ. ಕೂತಿದ್ದ ಹೊಗೆಯನ್ನು ಎಬ್ಬಿಸಿ ಎರಡನೇ ಸಲ ಉಸಿರಾಡಿದಂತಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ನೆಲಕ್ಕೆ ನೀರು ಚಿಮುಕಿಸಿ ಗುಡಿಸಿ. ಕೆಲಸದ ಬಟ್ಟೆ ಶೆಡ್ಡಿನಲ್ಲೇ ಇರಲಿ. ಮನೆಗೆ ಒಯ್ದರೂ ಮಕ್ಕಳ ಬಟ್ಟೆಯ ಜೊತೆ ನೆನೆಹಾಕಬೇಡಿ. ಬೀಡಿ ಹಚ್ಚುವ ಮೊದಲು ಕೈ ತೊಳೆಯದಿದ್ದರೆ ಬೆರಳಿನ ಲೋಹ ಬೀಡಿಗೆ ಅಂಟಿ, ಸುಟ್ಟು, ಹೊಗೆಯ ಜೊತೆ ಒಳಹೋಗುತ್ತದೆ. ಬೀಡಿ ಬಿಡುವುದಕ್ಕಿಂತ ದೊಡ್ಡ ಉಪಕಾರ ವೆಲ್ಡರ್ ತನ್ನ ಶ್ವಾಸಕೋಶಕ್ಕೆ ಬೇರೆ ಮಾಡಲಾರ. ಇದನ್ನು ಉಪದೇಶವೆಂದು ತಳ್ಳಿಹಾಕಬೇಡಿ, ಮೇಲೆ ಹೇಳಿದ ರಿಪೇರಿಯ ವಿಷಯ ನೆನಪಿರಲಿ.

ಮಾಸ್ಕ್

ಕರ್ಚೀಫು, ಬಟ್ಟೆ ಮಾಸ್ಕು, ನೀಲಿ ಸರ್ಜಿಕಲ್ ಮಾಸ್ಕು ಇವು ಒಂದು ಮೈಕ್ರಾನಿಗಿಂತ ಸಣ್ಣ ಹೊಗೆಯ ಕಣಕ್ಕೆ ಲೆಕ್ಕಕ್ಕಿಲ್ಲ. ಐಎಸ್ 9473 ಗುರುತಿರುವ ಎಫ್‌ಎಫ್‌ಪಿ2 ಮಾಸ್ಕು, ಅಥವಾ ಪಿ3 ಇಲ್ಲವೇ ಪಿ100 ಫಿಲ್ಟರಿನ ರಬ್ಬರ್ ಅರ್ಧ ಮಾಸ್ಕು ತನ್ನಿ. ತಲೆಯ ಹಿಂದೆ ಹೋಗುವ ಎರಡು ಪಟ್ಟಿ ಇರಬೇಕು, ಕಿವಿಗೆ ಸಿಕ್ಕಿಸುವುದು ಬೇಡ. ಇಂಥ ಮಾಸ್ಕಿನಿಂದ ಹತ್ತು ಪಟ್ಟು ರಕ್ಷಣೆ ಎಂದು ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಷಾ ಲೆಕ್ಕ ಹಾಕುತ್ತದೆ, ಅದೂ ಮುಖಕ್ಕೆ ಸರಿಯಾಗಿ ಕೂತಿದ್ದರೆ ಮಾತ್ರ. ನಾಲ್ಕು ದಿನದ ಗಡ್ಡ ಅಂಚಿನಡಿ ಸಿಕ್ಕಿದರೂ ಸೀಲ್ ಹೋಯಿತು. ಮೀಸೆ ಮಾಸ್ಕಿನ ಒಳಗೇ ಮುಗಿಯುವಂತಿದ್ದರೆ ತೊಂದರೆಯಿಲ್ಲ. ಹಾಕಿದ ಮೇಲೆ ಎರಡೂ ಕೈಯಿಂದ ಮಾಸ್ಕನ್ನು ಮುಚ್ಚಿ ಜೋರಾಗಿ ಉಸಿರು ಬಿಡಿ. ಕಣ್ಣಿನತ್ತ ಗಾಳಿ ಬಂದರೆ ಮೂಗಿನ ಕ್ಲಿಪ್ ಒತ್ತಿ ಸರಿಮಾಡಿ. ವಾಲ್ವ್ ಇರುವ ಮಾಸ್ಕಿನಲ್ಲಿ ವಾಲ್ವನ್ನೂ ಮುಚ್ಚಿ ನೋಡಬೇಕು. ಹೆಲ್ಪರ್ ಹುಡುಗನಿಗೂ ಕೊಡಿ. ಜಾಬ್ ಹಿಡಿದುಕೊಂಡು ಹೊಗೆಯ ದಾರಿಯಲ್ಲೇ ನಿಂತಿರುವವನು ಅವನು.

ದಿನವಿಡೀ ರಾಡ್ ಕೆಲಸವೇ ಇರುವಲ್ಲಿ ಬ್ಯಾಟರಿಯಿಂದ ಶುದ್ಧ ಗಾಳಿ ಊದುವ ವೆಲ್ಡಿಂಗ್ ಹೆಲ್ಮೆಟ್ ಒಳ್ಳೆಯದು. ದುಬಾರಿ ನಿಜ, ಆದರೆ ಸೆಕೆಗೆ ಮಾಸ್ಕ್ ಕೆಳಗಿಳಿಸುವ ಪ್ರಮೇಯವೇ ಬರುವುದಿಲ್ಲ.

ಕ್ರೋಮ್ ಪ್ಲೇಟಿಂಗ್ ತೊಟ್ಟಿ

ಕರೆಂಟು ಹಾಯಿಸಿ ಲೋಹದ ಮೇಲೆ ಕ್ರೋಮಿಯಂ ಪದರ ಕೂರಿಸುವ ತೊಟ್ಟಿ ಇದು. ಇಲ್ಲಿ ಕ್ರೋಮಿಯಂ-6 ಕೆಲಸದ ನಡುವೆ ಹುಟ್ಟುವುದಲ್ಲ, ತೊಟ್ಟಿಯ ತುಂಬ ಇರುವುದೇ ಅದು: ಲೀಟರಿಗೆ ಸುಮಾರು 250 ಗ್ರಾಂ ಕ್ರೋಮಿಕ್ ಆಮ್ಲ. ಕೊಟ್ಟ ಕರೆಂಟಿನಲ್ಲಿ ಲೋಹ ಕೂರಿಸಲು ಹೋಗುವುದು ಶೇ. 10ರಿಂದ 20 ಮಾತ್ರ, ಉಳಿದದ್ದರಲ್ಲಿ ಬಹುಪಾಲು ಹೈಡ್ರೋಜನ್ ಗುಳ್ಳೆಗಳನ್ನು ಎಬ್ಬಿಸುತ್ತದೆ. ಗುಳ್ಳೆ ಮೇಲೆ ಬಂದು ಒಡೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಆಮ್ಲದ ತುಂತುರು ಗಾಳಿಗೆ ಚಿಮ್ಮುತ್ತದೆ. ಮೂರು ಕೆಲಸ ಮಾಡಿ: ಪಿಎಫ್‌ಓಎಸ್ (ಪರಿಸರದಲ್ಲಿ ಕರಗಿಹೋಗದೆ ಉಳಿಯುವ ರಾಸಾಯನಿಕ) ಇಲ್ಲದ ಮಿಸ್ಟ್ ಸಪ್ರೆಸೆಂಟ್, ಅಂದರೆ ತುಂತುರು ತಡೆಯುವ ದ್ರವ ಬೆರೆಸಿ, ಮೇಲೆ ಪಾಲಿಪ್ರೊಪಿಲೀನ್ ಚೆಂಡು ತೇಲಿಬಿಡಿ, ತೊಟ್ಟಿಯ ಉದ್ದನೆಯ ಅಂಚಿಗೆ ಸೀಳು ಸಕ್ಷನ್ ಕೂರಿಸಿ. ತೊಟ್ಟಿಯ ಅಗಲ 50 ಸೆಂ.ಮೀ. ಒಳಗಿದ್ದರೆ ಒಂದು ಬದಿ ಸಾಕು. ಅದಕ್ಕಿಂತ ಹೆಚ್ಚಾದರೆ ಎರಡೂ ಬದಿ. 1.2 ಮೀಟರ್ ದಾಟಿದರೆ ಒಂದು ಬದಿಯಿಂದ ಗಾಳಿ ಊದಿ ಇನ್ನೊಂದು ಬದಿಯಿಂದ ಎಳೆಯುವ ವ್ಯವಸ್ಥೆಯೇ ಬೇಕು. ಬರಿ ಹೊಳಪಿನ ಅಲಂಕಾರದ ಕೆಲಸವಾದರೆ ಟ್ರೈವೇಲೆಂಟ್ ಕ್ರೋಮ್ (ಕ್ರೋಮಿಯಂ-3) ದ್ರಾವಣಕ್ಕೇ ಬದಲಾಯಿಸಿ, ಈ ತಲೆನೋವೇ ಇರುವುದಿಲ್ಲ. ತೊಳೆದ ನೀರನ್ನು ನೆಲಕ್ಕೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಪೀಣ್ಯದ ಭೂಜಲದಲ್ಲಿ ಸಿಕ್ಕ ಕ್ರೋಮಿಯಂ-6 ಸಾಕ್ಷಿ.

ಪ್ಲೇಟಿಂಗಿನವರ ದೇಹ ಮೊದಲೇ ಒಂದು ಸೂಚನೆ ಕೊಡುತ್ತದೆ. ಕೈಮೇಲೆ ಬೇಗ ಮಾಯದ ಗುಂಡನೆ ಹುಣ್ಣು, ಪದೇ ಪದೇ ಮೂಗಿನಲ್ಲಿ ರಕ್ತ, ಮೂಗಿನ ನಡುಗೋಡೆಯಲ್ಲಿ ತೂತು. ಇವು ಕ್ಯಾನ್ಸರ್ ಅಲ್ಲ, ಆದರೆ ತುಂತುರು ಮೂಗಿನೊಳಗೆ ಹೋಗುತ್ತಿದೆ ಎಂಬುದು ಖಚಿತ. ತಿಂಗಳಿಗೊಮ್ಮೆ ಟಾರ್ಚ್ ಹಾಕಿ ಮೂಗು ನೋಡಿಸಿ.

ಅಕ್ಕಸಾಲಿಗರಿಗೂ ಒಂದು ಮಾತು. ಕೆಡಿಎಂ ಬೆಸುಗೆಯಲ್ಲಿ ಇದ್ದದ್ದು ಕ್ಯಾಡ್ಮಿಯಂ. ಅದು 767 ಡಿಗ್ರಿಗೆ ಕುದಿಯುತ್ತದೆ, ಚಿನ್ನ ಕರಗಲು 1,064 ಡಿಗ್ರಿ ಬೇಕು. ಅಂದರೆ ಊದುವ ಬೆಂಕಿಯಲ್ಲಿ ಕ್ಯಾಡ್ಮಿಯಂ ಆವಿಯಾಗಿ ಮುಖಕ್ಕೆ ಬರುವುದು ತಪ್ಪದು. ಒಮ್ಮೆಲೇ ಹೆಚ್ಚು ಹೋದರೆ ಕೆಲವು ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಿ ಜೀವಕ್ಕೇ ಕುತ್ತು. ಸ್ವಲ್ಪ ಸ್ವಲ್ಪವಾಗಿ ಹೋದದ್ದು ಮೂತ್ರಪಿಂಡದಲ್ಲಿ ದಶಕಗಳ ಕಾಲ ಕೂರುತ್ತದೆ. ಹಾಲ್‌ಮಾರ್ಕ್ ನಿಯಮ ಕ್ಯಾಡ್ಮಿಯಂ ಒಪ್ಪುವುದಿಲ್ಲ. ಹಳೆಯ ಕೆಡಿಎಂ ಒಡವೆ ರಿಪೇರಿಗೆ ಬಂದಾಗ ಮಾತ್ರ ಎಚ್ಚರ ತಪ್ಪುತ್ತದೆ, ಆಗ ಸಕ್ಷನ್ ಕೆಳಗೇ ಕಾಯಿಸಿ. ಬೆಳ್ಳಿ ಬ್ರೇಜಿಂಗ್ ಕಡ್ಡಿ ಕೊಳ್ಳುವಾಗಲೂ ‘ಕ್ಯಾಡ್ಮಿಯಂ ರಹಿತ’ ಎಂದು ಕೇಳಿಯೇ ತನ್ನಿ.

ಗಾಳಿ ಪರೀಕ್ಷೆ, ಮೈ ಪರೀಕ್ಷೆ

ಮಾಡಿದ್ದು ಸಾಕೇ ಎಂದು ತಿಳಿಯಲು ವರ್ಷಕ್ಕೊಮ್ಮೆ ಗಾಳಿ ಅಳೆಸಿ. ಶೆಡ್ಡಿನ ಮೂಲೆಯಲ್ಲಿ ಇಟ್ಟ ಯಂತ್ರದ ಲೆಕ್ಕ ಬೇಡ. ವೆಲ್ಡರ್ ಸೊಂಟಕ್ಕೆ ಸಣ್ಣ ಪಂಪು, ಫಿಲ್ಟರ್ ಕತ್ತಿನ ಬಳಿ, ವೆಲ್ಡಿಂಗ್ ಶೀಲ್ಡಿನ ಒಳಗೆ ಇರಬೇಕು. ನಿಮಿಷಕ್ಕೆ 2 ಲೀಟರಿನಂತೆ 8 ಗಂಟೆ ಎಳೆದರೆ 960 ಲೀಟರ್, ಹತ್ತಿರ ಹತ್ತಿರ ಒಂದು ಘನ ಮೀಟರ್ ಗಾಳಿ. ವರದಿಯಲ್ಲಿ ‘ಒಟ್ಟು ಕ್ರೋಮಿಯಂ’ ಎಂದಷ್ಟೇ ಬಂದರೆ ಉಪಯೋಗವಿಲ್ಲ, ‘ಹೆಕ್ಸಾವೇಲೆಂಟ್’ ಎಂದು ಮೊದಲೇ ಬರೆದುಕೊಡಿ. ಅದಕ್ಕೆ ಪಿವಿಸಿ ಫಿಲ್ಟರ್ ಬೇಕು, ತಡಮಾಡದೆ ಲ್ಯಾಬಿಗೆ ತಲುಪಬೇಕು; ತಡವಾದರೆ ಫಿಲ್ಟರ್ ಮೇಲೇ ಕ್ರೋಮಿಯಂ-6 ಕ್ರೋಮಿಯಂ-3 ಆಗಿ ಇಳಿದು ಅಂಕಿ ಸುಳ್ಳಾಗಿ ಕಡಿಮೆ ಬರುತ್ತದೆ. 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲಿದ್ದ ಮಿತಿ ಘನ ಮೀಟರಿಗೆ 0.05 ಮಿಲಿಗ್ರಾಂ, ಅಂದರೆ 50 ಮೈಕ್ರೋಗ್ರಾಂ. ಓಷಾ 2006ರಲ್ಲಿ ನಿಗದಿ ಮಾಡಿದ್ದು 5 ಮೈಕ್ರೋಗ್ರಾಂ. ನೀವು 5ನ್ನೇ ಗುರಿಯಾಗಿಟ್ಟುಕೊಳ್ಳಿ, ಸಾಧ್ಯವಾದಷ್ಟು ಅದರ ಕೆಳಗೆ ಹೋಗಿ.

ಮೂತ್ರದ ಕ್ರೋಮಿಯಂ ಪರೀಕ್ಷೆಗೆ ವಾರದ ಕೊನೆಯ ದಿನದ ಕೆಲಸ ಮುಗಿದ ಮೇಲೆ, ಕೈ ತೊಳೆದು, ಬಟ್ಟೆ ಬದಲಿಸಿ ಮಾದರಿ ಕೊಡಬೇಕು. ಸೋಮವಾರ ಬೆಳಗ್ಗೆ ಕೊಟ್ಟರೆ ಕಡಿಮೆ ತೋರಿಸುತ್ತದೆ. ಇದು ಇತ್ತೀಚಿನ ಒಡ್ಡಿಕೆ ಹೇಳುತ್ತದೆಯೇ ಹೊರತು ಕ್ಯಾನ್ಸರ್ ಇದೆಯೋ ಇಲ್ಲವೋ ಹೇಳುವುದಿಲ್ಲ. ಲೋಹ ತೆಗೆಯುತ್ತೇವೆಂದು ಮಾರುವ ‘ಡಿಟಾಕ್ಸ್’ ಪುಡಿ, ಡ್ರಿಪ್‌ಗಳಿಗೆ ಕಾಸು ಹಾಕಬೇಡಿ. ಆಗಿಹೋದ ಡಿಎನ್‌ಎ ಹಾನಿಯನ್ನು ಅವು ಸರಿಮಾಡಲಾರವು.

ವರ್ಷಕ್ಕೊಂದು ಎದೆ ಎಕ್ಸ್‌ರೇ ತೆಗೆಸಿ ನೆಮ್ಮದಿಯಾಗಿರುವುದೂ ಸರಿಯಲ್ಲ, ಸಣ್ಣ ಗಡ್ಡೆ ಅದರಲ್ಲಿ ತಪ್ಪಿಸಿಕೊಳ್ಳುತ್ತದೆ. ಐವತ್ತು ದಾಟಿದ, ಬಹಳ ವರ್ಷ ಬೀಡಿ ಸಿಗರೇಟು ಸೇದಿದ ವೆಲ್ಡರುಗಳು ಕಡಿಮೆ ಪ್ರಮಾಣದ ಸಿಟಿ ಸ್ಕ್ಯಾನ್ ಬಗ್ಗೆ ಶ್ವಾಸಕೋಶದ ವೈದ್ಯರನ್ನು ಕೇಳಿ. ಮೂರು ವಾರ ಮೀರಿದ ಕೆಮ್ಮು, ಕಫದಲ್ಲಿ ರಕ್ತ, ದನಿ ಒಡೆದೇ ಉಳಿಯುವುದು, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಕಾಯಬೇಡಿ. ನಮ್ಮಲ್ಲಿ ಇದನ್ನು ಮೊದಲು ಟಿಬಿ ಎಂದು ತಿಳಿದು ತಿಂಗಳುಗಟ್ಟಲೆ ಔಷಧಿ ಕೊಡುವುದು ಆಗುತ್ತಲೇ ಇರುತ್ತದೆ. ಕಫದ ಪರೀಕ್ಷೆಯಲ್ಲಿ ಟಿಬಿ ಸಿಗದಿದ್ದರೆ, ಅಥವಾ ಟಿಬಿ ಮಾತ್ರೆಗೆ ಕೆಲವು ವಾರಗಳಲ್ಲಿ ಜಗ್ಗದಿದ್ದರೆ, ಸಿಟಿ ಮಾಡಿಸಬೇಕೇ ಎಂದು ನೀವೇ ಕೇಳಿ.

ವೈದ್ಯರ ಬಳಿ ಹೋಗುವಾಗ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಲೋಹ, ರಾಡೋ ಟಿಗ್ಗೋ ಪ್ಲೇಟಿಂಗೋ, ದಿನಕ್ಕೆ ಎಷ್ಟು ಗಂಟೆ, ಸಕ್ಷನ್ ಇತ್ತೇ, ಬೀಡಿ ಎಷ್ಟು. ‘ವೆಲ್ಡಿಂಗ್ ಕೆಲಸ’ ಎಂದಷ್ಟೇ ಹೇಳಿದರೆ ಕೇಸ್ ಶೀಟಿನಲ್ಲಿ ‘ಕೂಲಿ’ ಎಂದು ಬರೆದು ಮುಗಿಸುತ್ತಾರೆ. ಕ್ರೋಮಿಯಂ, ಕ್ಯಾಡ್ಮಿಯಂನಿಂದ ಬರುವ ಕಾಯಿಲೆಗಳು ಇಎಸ್‌ಐ ಪರಿಹಾರದ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿವೆ. ಆ ಹಾಳೆ, ಹಳೆಯ ಸಂಬಳದ ಚೀಟಿ, ಗಾಳಿ ಪರೀಕ್ಷೆಯ ವರದಿಗಳು ಅಲ್ಲಿ ಬೇಕಾಗುವ ಕಾಗದಗಳು. ಸಲಹೆ ಬೇಕಿದ್ದರೆ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಔದ್ಯೋಗಿಕ ಆರೋಗ್ಯದ ದಕ್ಷಿಣ ಪ್ರಾದೇಶಿಕ ಕೇಂದ್ರ ದೇವನಹಳ್ಳಿ ಬಳಿಯ ಕಣ್ಣಮಂಗಲದಲ್ಲಿದೆ.